ಎರಡು ಸಲ ಮಗುಚಿದ ಬಾಳೆಎಲೆ

ಮೂಡುಬಿದಿರೆಯ ಬಸ್ ನಿಲ್ದಾಣದ ಎದುರಿನ ಬೇಕರಿಯ ಮಹಡಿಯಲ್ಲಿ ಒಂದು ಸಣ್ಣ ಕೋಣೆ ಇತ್ತು. ಒಳಗೆ ಹೋಗುವವರು ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಡಬೇಕು, ಕೈ ಒದ್ದೆ ಇದ್ದರೆ ಒರೆಸಿಕೊಳ್ಳಬೇಕು, ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಎಳೆದುಕೊಳ್ಳಬೇಕು. ಒಳಗೆ ಕೆಂಪು ಮಖಮಲ್ಲಿನ ಬಟ್ಟೆ ಹೊದ್ದುಕೊಂಡು ಕಂಪ್ಯೂಟರ್ ಕೂತಿರುತ್ತಿತ್ತು. ನಾನು ಮನೆಗೆ ಹೋಗಿ ಇದನ್ನೆಲ್ಲ ವರ್ಣಿಸಿದಾಗ ಅಜ್ಜಿ ಬೀಡಿ ಸುತ್ತುತ್ತಿದ್ದ ಕೈ ನಿಲ್ಲಿಸದೆ ಕೇಳಿದ್ದರು: "ಹಾಗಾದರೆ ಮಂಗಳಾರತಿ ಎಷ್ಟು ಗಂಟೆಗೆ?"

ಆಗ ನಾನು ಮೂಡುಬಿದಿರೆಯಲ್ಲಿ ಚಿತ್ರಕಲೆಯ ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದೆ. ಇಸವಿ ತೊಂಬತ್ತರ ಸಾಲನ್ನು ದಾಟಿ ಎರಡು ಸಾವಿರಕ್ಕೆ ಕಾಲಿಟ್ಟ ಕಾಲ. ಬೆಳ್ತಂಗಡಿಯ ನಮ್ಮ ಮನೆಯಿಂದ ದಿನವೂ ಗುರುವಾಯನಕೆರೆ, ವೇಣೂರು ದಾಟಿ ಬಸ್ಸಿನಲ್ಲಿ ಹೋಗಿ ಬರುವುದು. ಶಾಲೆಯಲ್ಲಿ ಇದ್ದಿಲು, ಪೆನ್ಸಿಲು, ಜಲವರ್ಣ, ಮಣ್ಣಿನ ಮಡಕೆ, ಮಡಿಸಿಟ್ಟ ಬಟ್ಟೆಯ ನೆರಳು. ಕಂಪ್ಯೂಟರ್ ಇರಲಿಲ್ಲ. ನಮ್ಮ ಮೇಷ್ಟ್ರು ಒಂದು ದಿನ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಹೇಳಿದರು: "ಇನ್ನು ಪುಸ್ತಕಕ್ಕೆ ಚಿತ್ರ ಬರೆಯುವವರಿಗೆ ಆ ಯಂತ್ರ ಬಾರದಿದ್ದರೆ ಆಗ್ಲಿಕ್ಕಿಲ್ಲ. ನನಗಂತೂ ಬರುವುದಿಲ್ಲ. ಗೊತ್ತಿದ್ದವರ ಹತ್ತಿರ ಹೋಗಿ ಕಲೀರಿ. ಕಲಿತ ಮೇಲೆ ನನಗೂ ಸ್ವಲ್ಪ ಹೇಳಿಕೊಡಿ."

ಗೊತ್ತಿದ್ದವರು ಎಂದರೆ ಬೇಕರಿಯ ಮಹಡಿಯ ಆ ಕೋಣೆ ಇಟ್ಟುಕೊಂಡಿದ್ದ ಬ್ಯಾರಿ ಅಣ್ಣ, ನಮ್ಮ ಕರಾವಳಿಯ ಮುಸ್ಲಿಮರು. ಅವರ ದೊಡ್ಡಣ್ಣ ಗಲ್ಫಿನಿಂದ ರಜೆಗೆ ಬಂದಾಗ ಕೊಡಿಸಿಹೋದ ಕಂಪ್ಯೂಟರ್ ಅದು. ಅದರಲ್ಲಿ ಅವರು ಮದುವೆಯ ಕಾಗದ, ಅಂಗಡಿಯ ಬಿಲ್ ಪುಸ್ತಕ, ಉರೂಸಿನ ನೋಟೀಸು, ಬ್ರಹ್ಮಕಲಶದ ಕರಪತ್ರ ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಜೋಡಿಸಿಕೊಡುತ್ತಿದ್ದರು. ಡಿಟಿಪಿ ಅಣ್ಣ ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದುದು. ಅಕ್ಷರ ಜೋಡಿಸುವುದರಲ್ಲಿ ಅವರಿಗೆ ಎದುರಿಲ್ಲ, ಚಿತ್ರ ಮಾತ್ರ ಕೈಗೆ ಬಾರದು. ಅವರು ಬರೆದ ನವಿಲನ್ನು ಗಿರಾಕಿಯೊಬ್ಬರು ಕೋಳಿ ಎಂದು ತಿಳಿದು, "ನಮ್ಮದು ಸಸ್ಯಾಹಾರದ ಮದುವೆ" ಎಂದು ವಾಪಸು ಕೊಟ್ಟಿದ್ದರಂತೆ.

"ನಿನಗೆ ಚಿತ್ರ ಬರ್ತದೆ, ನನಗೆ ಮೆಷಿನ್ ಬರ್ತದೆ. ಇಬ್ಬರೂ ಅರ್ಧರ್ಧ ಕಲಿತವರು. ಸೇರಿದರೆ ಒಂದು ಆಗುವ," ಎಂದರು. ಹಾಗೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನನ್ನ ಕಲಿಕೆ ಶುರುವಾಯಿತು.

ಮೊದಲ ದಿನ ನಾನು ಮೌಸನ್ನು ಪೆನ್ಸಿಲಿನ ಹಾಗೆ ಮೂರು ಬೆರಳಲ್ಲಿ ಹಿಡಿದೆ. ಗೆರೆ ಎಳೆಯುತ್ತಾ ಎಳೆಯುತ್ತಾ ಮೇಜು ಮುಗಿಯಿತು, ಗೆರೆ ಮುಗಿಯಲಿಲ್ಲ. ನಾನು ಕುರ್ಚಿಯಿಂದ ಎದ್ದು ಕೈಯನ್ನು ಗೋಡೆಯವರೆಗೆ ಒಯ್ದೆ.

"ಎತ್ತಿ ಇಡು ಮಾರಾಯ್ತಿ! ಎತ್ತಿ ಇಲ್ಲಿ ಇಡು. ಇನ್ನು ನೀನು ಬೇಕರಿಗೇ ಇಳಿಯುತ್ತಿ."

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಹುಟ್ಟಿದಂದಿನಿಂದ ಬರೆಯುವ ಕೈಯನ್ನು ನೋಡಿಕೊಂಡೇ ಬರೆದವಳು ನಾನು. ಇಲ್ಲಿ ಕೈ ಒಂದು ಕಡೆ, ಕಣ್ಣು ಒಂದು ಕಡೆ. ಕೈಯನ್ನು ನೋಡಿದರೆ ಗೆರೆ ದಾರಿ ತಪ್ಪುತ್ತದೆ, ಗೆರೆಯನ್ನು ನೋಡಿದರೆ ಕೈ ಯಾರದ್ದೋ ಅನಿಸುತ್ತದೆ. ವಾರ ಕಳೆದ ಮೇಲೆ ಡಿಟಿಪಿ ಅಣ್ಣ ಗುಟ್ಟು ಬಿಟ್ಟುಕೊಟ್ಟರು: ಇಲ್ಲಿ ಗೆರೆ ಎಳೆಯಲಿಕ್ಕೇ ಇಲ್ಲ. ಒಂದು ಚುಕ್ಕಿ ಇಡುವುದು, ದೂರದಲ್ಲಿ ಇನ್ನೊಂದು ಚುಕ್ಕಿ ಇಡುವುದು, ನಡುವಿನ ಗೆರೆಯನ್ನು ಹಿಡಿದು ಬೇಕಾದ ಕಡೆ ಬಾಗಿಸುವುದು. ಅದು ನನ್ನ ತಲೆಗೆ ಹೋದದ್ದು ಅಕ್ಕ ದಿಂಬಿನ ಚೀಲಕ್ಕೆ ಕಸೂತಿ ಹಾಕುವುದನ್ನು ನೋಡಿದಾಗ. ಸೂಜಿ ಇಲ್ಲಿ ಮುಳುಗಿ ಅಲ್ಲಿ ಏಳುತ್ತದೆ, ನಡುವೆ ನೂಲು ತಾನಾಗಿ ಬಾಗುತ್ತದೆ. ಮರುದಿನ ನನ್ನ ಮೊದಲ ವೀಳ್ಯದೆಲೆ ಪರದೆಯ ಮೇಲೆ ವೀಳ್ಯದೆಲೆಯ ಹಾಗೆಯೇ ಬಂತು. ಡಿಟಿಪಿ ಅಣ್ಣ ಎದ್ದು ನಿಂತು ನೋಡಿ, "ಸುಣ್ಣ ಎಲ್ಲುಂಟು?" ಎಂದರು.

ಮಾಡಿದ ತಪ್ಪನ್ನು ಎರಡು ಕೀಲಿ ಒತ್ತಿ ಇಲ್ಲದಂತೆ ಮಾಡುವುದನ್ನು ಕಲಿತ ದಿನವಂತೂ ನನಗೆ ಅಮಲೇರಿದ ಹಾಗಾಯಿತು. ಬೇಕೆಂದೇ ತಪ್ಪು ಗೆರೆ ಹಾಕಿ, ಮಾಯ ಮಾಡಿ, ಮತ್ತೆ ಹಾಕಿದೆ. ಶಾಲೆಯಲ್ಲಿ ಇದ್ದಿಲಿನಲ್ಲಿ ಬರೆಯುವಾಗ ಮೂಗು ಡೊಂಕಾದರೆ ನನ್ನ ಎಡಗೈಯ ಬೆರಳು ಆ ಕೀಲಿಗಳನ್ನು ಹುಡುಕುತ್ತಾ ತಾನಾಗಿ ಮೇಜಿನ ಅಂಚನ್ನು ಒತ್ತುತ್ತಿತ್ತು. ಮೂಗು ಡೊಂಕಾಗಿಯೇ ಉಳಿಯುತ್ತಿತ್ತು. ಅಜ್ಜಿಗೆ ಇದನ್ನೂ ಹೇಳಿದೆ.

"ತಪ್ಪು ಮಾಡಿದ್ದರ ಗುರುತೂ ಉಳಿಯುವುದಿಲ್ಲವಾ?"

"ಇಲ್ಲ ಅಜ್ಜಿ. ಚೂರೂ ಇಲ್ಲ."

"ಹಾಗಾದರೆ ಅದು ಮನುಷ್ಯರಿಗೆ ಅಲ್ಲ," ಎಂದು ಅಜ್ಜಿ ತೀರ್ಮಾನ ಕೊಟ್ಟರು.

ಕರೆಂಟು ಹೋಗಿ ಎಷ್ಟು ಚಿತ್ರಗಳು ಹೋದವೋ ಲೆಕ್ಕವಿಲ್ಲ. ಮಳೆಗಾಲದಲ್ಲಿ ಫ್ಲಾಪಿಗೂ ಬೂಸಲು ಹಿಡಿಯುತ್ತದೆ ಎಂದು ಗೊತ್ತಾದದ್ದೂ ಆಗಲೇ. ಅಂತೂ ಆರು ತಿಂಗಳು ಕಳೆಯುವಾಗ ಹೂವು, ದೀಪ, ತೆಂಗಿನಕಾಯಿ, ಒಂದು ಹದದ ನವಿಲು ಇಷ್ಟು ನನ್ನಿಂದ ಆಗುತ್ತಿತ್ತು. ಮುದ್ರಿಸಿದ ಹಾಳೆಗಳನ್ನು ಹೆಮ್ಮೆಯಿಂದ ಮೇಷ್ಟ್ರ ಮುಂದಿಟ್ಟೆ. ಅವರು ಒಂದೊಂದನ್ನೂ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಆಕಾರ ಸರಿ ಉಂಟು. ಆದರೆ ಮಗಾ, ಇದು ಗೆರೆಯಲ್ಲ, ತಂತಿ. ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ. ಬರೆಯುವಾಗ ಉಸಿರು ಬಿಟ್ಟಿದ್ದೀಯಾ ನೀನು?"

ಆ ಮಾತು ನನಗೆ ನಾಟಿತು. ತಂತಿ ಎಂಬ ಶಬ್ದವನ್ನು ಕಿವಿಯಲ್ಲಿ ಇಟ್ಟುಕೊಂಡೇ ನಾನು ಅಕ್ಕನ ಮದುವೆಯ ಕಾಗದಕ್ಕೆ ಕೈ ಹಾಕಿದ್ದು.

ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಅವಳು ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು, ಪ್ರಾಥಮಿಕ ಶಾಲೆಯ ಟೀಚರು. ಚಿತ್ರ ಕಲಿತು ಏನು ಮಾಡುವುದು ಎಂದು ಅಪ್ಪ ಅಮ್ಮ ಹಿಂದೆಮುಂದೆ ನೋಡಿದಾಗ, "ಅವಳು ಕಲೀಲಿ, ನಾನಿದ್ದೇನೆ" ಎಂದು ಹೇಳಿ ನನ್ನನ್ನು ಕೈಹಿಡಿದು ಮೂಡುಬಿದಿರೆಗೆ ಕರೆದುಕೊಂಡು ಹೋದವಳು. ನಾನು ಮೊದಲ ವರ್ಷದಲ್ಲಿದ್ದಾಗ ಅವಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ನಿಶ್ಚಯಕ್ಕೆ ಬಂದವರು ಚಾವಡಿಯಲ್ಲಿ ಕೂತಿದ್ದಾಗ ಗಾಳಿ ಬಂದು ದೀಪ ನಂದಿತು. ಮತ್ತೆ ಹಚ್ಚಿದೆವು, ಪಾಯಸ ಉಂಡರು. ವಾರದ ಮೇಲೆ, "ಹಿರಿಯರಿಗೆ ಮನಸ್ಸಿಗೆ ಸರಿ ಬರಲಿಲ್ಲವಂತೆ" ಎಂದು ದಲ್ಲಾಳಿ ಹೇಳಿಹೋದರು. ಅಕ್ಕ ಅಳಲಿಲ್ಲ. ನಿಶ್ಚಯದ ದಿನ ಉಟ್ಟಿದ್ದ ನೀಲಿ ಸೀರೆಯನ್ನು ತಂದು, "ಬಟ್ಟೆಯ ಮಡಿಕೆ ಬರೀಲಿಕ್ಕೆ ಬೇಕು ಅಂತ ಹೇಳ್ತಿದ್ದೆಯಲ್ಲ" ಎಂದು ನನ್ನ ಮಡಿಲಿಗೆ ಹಾಕಿದಳು. ಆ ಸೀರೆಯ ನೆರಳನ್ನು ನಾನು ಆ ವರ್ಷ ಇಪ್ಪತ್ತು ಸಲವಾದರೂ ಬರೆದಿರಬೇಕು. ಒಂದು ಸಲವೂ ಅದು ನನಗೆ ಬರೀ ಬಟ್ಟೆಯಾಗಿ ಕಾಣಲಿಲ್ಲ.

ಈಗ ಮುಂಡಾಜೆಯ ಸಂಬಂಧ. ಹುಡುಗನೂ ಮೇಷ್ಟ್ರು, ಒಳ್ಳೆಯ ಜನ. ಆದರೆ ಆ ಮನೆಯಲ್ಲೂ ಒಬ್ಬರು ಅಜ್ಜಿ ಇದ್ದರು, ಬಲಗಾಲು ಮುಂದಿಡದೆ ಹೊಸಿಲು ದಾಟಗೊಡದ ಅಜ್ಜಿ. ಮದುವೆಯ ಮಾತುಕತೆಗೆ ಹೋದಾಗ ಅವರು ತಾಂಬೂಲದ ತಟ್ಟೆಯನ್ನು ಮೂರು ಸಲ ತಿರುಗಿಸಿ, ವೀಳ್ಯದೆಲೆಯ ತುದಿ ಯಾವ ಕಡೆಗಿದೆ ಎಂದು ಪರೀಕ್ಷೆ ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಎಲ್ಲ ಸುಸೂತ್ರವಾಗಿ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರು ಬಿಡುವ ಹಾಗಿರಲಿಲ್ಲ.

ಅಂಥ ಹೊತ್ತಿನಲ್ಲಿ ನಾನು, "ಮದುವೆಯ ಕಾಗದದ ಚಿತ್ರ ನನ್ನದೇ, ಅದೂ ಕಂಪ್ಯೂಟರಿನಲ್ಲಿ" ಎಂದು ಹಟ ಹಿಡಿದೆ. ಅಮ್ಮ, "ಅಂಗಡಿಯಲ್ಲಿ ಗಣಪತಿಯ ಚಿತ್ರ ಇದ್ದದ್ದೇ ಸಿಗ್ತದಲ್ಲ" ಎಂದರು. ಅಕ್ಕ ಮಾತ್ರ, "ಇವಳು ಬರೆದದ್ದೇ ಆಗಬೇಕು" ಎಂದಳು.

ಒಂದು ಕೊಡಿ ಬಾಳೆಎಲೆ ಬರೆದೆ. ತುದಿಯಿರುವ ಎಲೆಗೆ ನಮ್ಮಲ್ಲಿ ಕೊಡಿ ಎಲೆ ಎನ್ನುತ್ತಾರೆ, ಶುಭಕ್ಕೆ ಅದೇ ಬೇಕು. ಎಲೆಯ ಮೇಲೆ ತೆಂಗಿನಕಾಯಿ, ಐದು ವೀಳ್ಯದೆಲೆ, ಅಡಿಕೆ, ಪಕ್ಕದಲ್ಲಿ ಧಾರೆ ಎರೆಯುವ ಗಿಂಡಿ. ಎಲೆಯ ನರಗಳನ್ನೇ ನಾಲ್ಕು ದಿನ ಕೂತು ಇಟ್ಟೆ. ತಂತಿಯ ಗೆರೆ ತಂತಿಯಾಗಿಯೇ ಉಳಿಯಿತು, ಏನು ಮಾಡಿದರೂ ಉಸಿರಾಡಲಿಲ್ಲ. ದಿನ ಹತ್ತಿರ ಬಂದಿತ್ತು, ಇರಲಿ ಎಂದು ಬಿಟ್ಟೆ.

ಅಚ್ಚು ಹಾಕುವುದು ಬಂಟ್ವಾಳದ ಒಂದು ಪ್ರೆಸ್ಸಿನಲ್ಲಿ. ಅಲ್ಲಿನ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಬಣ್ಣ. ಹಾಗಾಗಿ ಕುಂಕುಮ ಬಣ್ಣದ ಅಕ್ಷರಕ್ಕೆ ಒಂದು ಹಾಳೆ, ಹಸಿರು ಚಿತ್ರಕ್ಕೆ ಬೇರೆ ಹಾಳೆ. ಹಾಳೆ ಎಂದರೆ ಬಟರ್ ಪೇಪರ್, ಆಚೆಯ ಬೆಳಕು ಈಚೆಗೆ ಕಾಣುವಂಥದ್ದು. ಅದರ ಮಸಿ ಇರುವ ಬದಿಯನ್ನು ಕವುಚಿ ಹಾಕಿ ಅಚ್ಚಿನ ತಗಡಿಗೆ ಇಳಿಸುತ್ತಾರೆ. ಆದ್ದರಿಂದ ನಾವು ಕಳಿಸುವಾಗ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು. ಇಲ್ಲಿ ಉಲ್ಟಾ ಇದ್ದದ್ದು ಅಲ್ಲಿ ನೆಟ್ಟಗೆ ಬರುತ್ತದೆ.

"ಮಗುಚಿ ಪ್ರಿಂಟ್ ಕೊಡ್ಲಿಕ್ಕೆ ಮರೀಬೇಡ," ಎಂದು ಡಿಟಿಪಿ ಅಣ್ಣ ಅಂದು ಮೂರು ಸಲ ಹೇಳಿದ್ದರು. ನಾನು ವಿಧೇಯಳಾಗಿ ಚಿತ್ರವನ್ನು ಮಗುಚಿದೆ. ಆಮೇಲೆ ಅವರು ಬಂದು ಕೂತು, ಎರಡು ಹಾಳೆಗಳನ್ನೂ ಪ್ರಿಂಟ್ ಕೊಡುವಾಗ ತಮ್ಮ ಯಾವತ್ತಿನ ಅಭ್ಯಾಸದಂತೆ ಪ್ರಿಂಟರಿಗೂ ಮಗುಚಲು ಹೇಳಿದರು. ಅಕ್ಷರ ಒಂದು ಸಲ ಮಗುಚಿತು. ನನ್ನ ಬಾಳೆಎಲೆ ಎರಡು ಸಲ ಮಗುಚಿತು. ಎರಡು ಸಲ ಮಗುಚಿದ ಎಲೆ ಎಂದರೆ ಮಗುಚದೇ ಇದ್ದ ಎಲೆಯೇ. ನೋಡಲಿಕ್ಕೆ ನೆಟ್ಟಗೆ ಚಂದ ಕಂಡಿತು. ಚಂದ ಕಂಡದ್ದೇ ನಮ್ಮಿಬ್ಬರ ಕಣ್ಣನ್ನೂ ಕಟ್ಟಿತು.

ಪರೀಕ್ಷೆಗೆಂದು ತೆಗೆದ ಎರಡು ಹಾಳೆಗಳನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಒಳ್ಳೆಯದನ್ನು ಕವರಿನಲ್ಲಿಟ್ಟು, ಸಿದ್ದಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಹೋಗುವ ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆವು. ನಮ್ಮ ಕಡೆ ಮದ್ದಿನ ಬಾಟಲಿ, ಮಲ್ಲಿಗೆ ಚೆಂಡು, ಮದುವೆಯ ಕಾಗದ ಎಲ್ಲ ಹಾಗೆಯೇ ಪ್ರಯಾಣ ಮಾಡುವುದು. "ಪ್ರೆಸ್ಸಿನ ಮಾಮನಿಗೆ ಅಲ್ವಾ? ಆಯ್ತು," ಎಂದು ಅವರು ಕವರನ್ನು ತಲೆಯ ಮೇಲಿನ ಹಲಗೆಗೆ ಸಿಕ್ಕಿಸಿದರು. ಮರುದಿನ ಬೆಳಿಗ್ಗೆಯೇ ಅಚ್ಚು ಎಂದು ಮಾತಾಗಿತ್ತು.

ಮರುದಿನ ನನಗೆ ರಜೆ. ಅಕ್ಕ ಶಾಲೆಗೆ, ಡ್ರೈವರ್ ಆಗಿದ್ದ ಅಪ್ಪ ಬಸ್ಸಿಗೆ ಹೋಗಿಯಾಗಿತ್ತು. ಅಮ್ಮ ಬೀಡಿ ಕೊಡಲು ಹೋಗಿದ್ದರು. ಜಗಲಿಯಲ್ಲಿ ಬೀಡಿ ಸುತ್ತುವ ಗೆರಸೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಜ್ಜಿಗೆ ನನ್ನ ಪ್ರತಾಪ ತೋರಿಸುವ ಎಂದು ಚೀಲದಿಂದ ಆ ಎರಡು ಹಾಳೆಗಳನ್ನು ತೆಗೆದೆ. ಒಂದರ ಮೇಲೊಂದು ಇಟ್ಟು, ಹಿಂಬದಿ ಮುಂದೆ ಮಾಡಿ, ಬಿಸಿಲಿಗೆ ಹಿಡಿದೆ. ಹಾಗೆ ಹಿಡಿದರೆ ಉಲ್ಟಾ ಅಕ್ಷರಗಳು ನೆಟ್ಟಗೆ ಓದಲು ಬರುತ್ತವೆ. ಅಕ್ಕನ ಹೆಸರು ಬಂತು, ಭಾವನ ಹೆಸರು ಬಂತು.

"ನೋಡಿ ಅಜ್ಜಿ, ಕಾಗದ ಹೀಗೇ ಬರುವುದು."

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ಮನೆಯಲ್ಲಿ ನಮ್ಮದು ತುಳು, ಅಜ್ಜಿಯ ಮಾತನ್ನೆಲ್ಲ ನಾನು ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಆದರೆ ಆವತ್ತಿನ ಆ ಒಂದು ಮಾತು ನನಗೆ ತುಳುವಿನಲ್ಲೇ ನೆನಪಿದೆ.

"ಉಂದು ಏರೆನ ಬೊಜ್ಜದ ಕಾಕಜಿ?"

ಇದು ಯಾರ ಬೊಜ್ಜದ ಕಾಗದ ಎಂದು. ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ನಾನು ಹಾಳೆಯನ್ನು ಮತ್ತೊಮ್ಮೆ ನೋಡಿದೆ. ಅಕ್ಷರಗಳು ನೆಟ್ಟಗಿದ್ದವು. ಬಾಳೆಎಲೆಯ ತುದಿ ಬಲಕ್ಕೆ ತಿರುಗಿತ್ತು. ಉಣ್ಣುವವರ ಎಡಕ್ಕೆ ತುದಿ ಬರಬೇಕಾದ ಎಲೆ ಅದು. ಬಲಕ್ಕೆ ತುದಿ ಮಾಡಿ ಹಾಕುವುದು ನಮ್ಮಲ್ಲಿ ಸತ್ತವರಿಗೆ ಬಡಿಸುವಾಗ ಮಾತ್ರ.

ಮೊದಲ ಕಾಗದ ಮುಂಡಾಜೆಯ ಆ ಅಜ್ಜಿಗೆ ಹೋಗುವುದು. ವೀಳ್ಯದೆಲೆಯ ತುದಿಯನ್ನು ಮೂರು ಸಲ ತಿರುಗಿಸಿ ನೋಡಿದ ಅಜ್ಜಿಗೆ. ನನ್ನ ಎಡಗೈಯ ಬೆರಳುಗಳು ಜಗಲಿಯ ಅಂಚನ್ನು ಒತ್ತಿ ಹಿಡಿದಿದ್ದವು.

"ಅಕ್ಕನಿಗೆ ಹೇಳಬೇಡಿ ಅಜ್ಜಿ."

"ನಾನು ಯಾಕೆ ಹೇಳಲಿ? ನೀನು ಮೊದಲು ಓಡು."

ಪೇಟೆಯ ಟೆಲಿಫೋನ್ ಬೂತಿಗೆ ಓಡಿದೆ. ಪ್ರೆಸ್ಸಿನಲ್ಲಿ ಫೋನು ರಿಂಗಾಗುತ್ತದೆ, ಎತ್ತುವವರಿಲ್ಲ. ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳುತ್ತಿಲ್ಲ ಎಂದರೆ ಯಂತ್ರ ಓಡುತ್ತಿದೆ ಎಂದೇ ಅರ್ಥ. ಅದು ಹೊಳೆದ ಮೇಲೆ ಬೂತಿನಲ್ಲಿ ನಿಲ್ಲಲಾಗಲಿಲ್ಲ, ಎದುರಿಗೆ ಬಂದ ಬಸ್ಸು ಹತ್ತಿದೆ. ಬೆಳ್ತಂಗಡಿಯಿಂದ ಬಂಟ್ವಾಳ ಏನು ಮಹಾ ದೂರ! ಆದರೆ ಆವತ್ತು ಆ ಬಸ್ಸು ಮಡಂತ್ಯಾರಿನಲ್ಲಿ ಒಂದು ಅಕ್ಕಿ ಚೀಲ ಇಳಿಸಿತು, ಪುಂಜಾಲಕಟ್ಟೆಯಲ್ಲಿ ಚಾ ಕುಡಿಯಿತು, ವಗ್ಗದಲ್ಲಿ ಒಬ್ಬರು ಹೆಂಗಸು, "ನಮ್ಮವರು ಛತ್ರಿ ತರ್ಲಿಕ್ಕೆ ಹೋಗಿದ್ದಾರೆ, ಈಗ ಬಂದ್ರು" ಎಂದು ಬಾಗಿಲು ಹಿಡಿದು ನಿಂತರು.

"ಸ್ವಲ್ಪ ಬೇಗ ಹೋಗುವ ಅಣ್ಣ," ಎಂದು ಕಂಡಕ್ಟರನಿಗೆ ಹೇಳಿದೆ.

"ಎಂತ, ಮದುವೆ ಉಂಟಾ?"

"ಉಂಟು," ಎಂದೆ. ಅಳು ಬಂತು. ಆ ಮನುಷ್ಯ ಏನು ತಿಳಿದುಕೊಂಡನೋ ಏನೋ, ಎರಡು ಸಲ ಜೋರಾಗಿ ಸೀಟಿ ಊದಿದ. ಛತ್ರಿಯವರು ಓಡಿಬಂದು ಹತ್ತಿದರು.

ಬಂಟ್ವಾಳ ಪೇಟೆಯ ಹಳೆಯ ಬೀದಿಯಲ್ಲಿ ಆ ಪ್ರೆಸ್ಸು. ಮಾಮ ಎಂದು ಎಲ್ಲರೂ ಕರೆಯುತ್ತಿದ್ದ ಕೊಂಕಣಿ ಹಿರಿಯರೊಬ್ಬರು ಅದನ್ನು ನೋಡಿಕೊಳ್ಳುತ್ತಿದ್ದರು. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಿಂದ ಅಲ್ಲಿದ್ದವರು. ನಾನು ಹೋಗುವಾಗ ಯಂತ್ರ ನಿಂತಿತ್ತು. ಅಂದರೆ ಅಚ್ಚು ಮುಗಿದಿತ್ತು. ಮೇಜಿನ ಮೇಲೆ ಕಾಗದಗಳನ್ನು ಒಣಗಲು ಹರಡಿದ್ದರು. ಹಸಿರು ಮಸಿಯ ವಾಸನೆ. ನನಗೆ ಅತ್ತ ಕಣ್ಣು ಹಾಯಿಸುವ ಧೈರ್ಯ ಬರಲಿಲ್ಲ.

"ಮಾಮ, ಬೆಳ್ತಂಗಡಿಯ ಮದುವೆ ಕಾಗದ... ಅದರ ಎಲೆ..."

ಮಾಮ ಬನಿಯನ್ನಿನ ಮೇಲೆ ಟವೆಲು ಹಾಕಿಕೊಂಡು ಬೊಂಡ ಎತ್ತಿ ಎಳನೀರು ಕುಡಿಯುತ್ತಿದ್ದರು. ನಿಧಾನಕ್ಕೆ ಕುಡಿದು ಮುಗಿಸಿದರು.

"ಬರೆದದ್ದು ನೀನಾ?"

"ಹೌದು."

"ಉಲ್ಟಾ ಕಳಿಸ್ಲಿಕ್ಕೆ ಹೇಳಿದರೆ ನೆಟ್ಟಗೆ ಕಳಿಸಿದವಳು ನೀನಾ?"

"ಅದೂ ನಾನೇ."

"ನೋಡು ಮಗಾ, ನಾನು ಹದಿನೈದನೇ ವರ್ಷದಿಂದ ಮೊಳೆ ಜೋಡಿಸಿದವ. ಮೊಳೆಯಲ್ಲಿ ಅಕ್ಷರ ಉಲ್ಟಾ ಇರ್ತದೆ. ಉಲ್ಟಾ ಓದಿ ಓದಿ ನನಗೆ ಉಲ್ಟಾ ಇದ್ದದ್ದೇ ಸಸಾರ. ಹೆಂಡತಿ ಪೇಪರು ಓದ್ಲಿಕ್ಕೆ ಕೊಟ್ಟರೆ ಮಂಡೆ ನೋಯ್ತದೆ. ನಿನ್ನ ಎಲೆಯನ್ನು ಕೈಗೆ ತೆಗೆದುಕೊಂಡೆ, ನೆಟ್ಟಗೆ ಕಂಡಿತು. ಇಲ್ಲಿಗೆ ಬಂದದ್ದು ನೆಟ್ಟಗೆ ಕಂಡರೆ ನನಗೆ ಡೌಟು. ಹಾಳೆಯನ್ನು ಆಚೆ ಬದಿ ಮಾಡಿ ಹಾಕಿದೆ. ಮುಗೀತು."

"ಮುಗೀತಾ?"

"ಮತ್ತೆಂತ? ಆಚೆಯಿಂದ ಈಚೆ ಕಾಣುವ ಹಾಳೆ ಅಲ್ವಾ ಅದು. ಹೋಗು, ನೋಡು."

ನೋಡಿದೆ. ಸಾಲುಸಾಲು ಕಾಗದಗಳಲ್ಲಿ ಸಾಲುಸಾಲು ಬಾಳೆಎಲೆಗಳು, ಎಲ್ಲದರ ತುದಿಯೂ ಎಡಕ್ಕೆ. ನಾನು ಅಲ್ಲಿಯೇ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟೆ. ಬೆಳಿಗ್ಗೆಯಿಂದ ಒಳಗೆ ಹಿಡಿದಿಟ್ಟದ್ದು ಯಾವುದೋ ಸಡಿಲವಾಗಿ, ಅಳುವೋ ನಗುವೋ ತಿಳಿಯದ ಹಾಗೆ ಹೊರಗೆ ಬಂತು.

"ಒಂದು ಫೋನು ಮಾಡಬಾರದಿತ್ತಾ ಮಾಮ? ಜೀವವೇ ಹೋಗಿತ್ತು."

"ಫೋನು ಮಾಡ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಊಟಕ್ಕೆ ಕೂತಾಗ ಎಲೆ ಉಲ್ಟಾ ಹಾಕಿದರೆ ತಿರುಗಿಸಿ ಹಾಕ್ತೇವೆ. ಅಡುಗೆಯವನಿಗೆ ಫೋನು ಮಾಡ್ತೇವಾ?"

ಆಮೇಲೆ ಸ್ವಲ್ಪ ಮೆತ್ತಗಾಗಿ, ಒಂದು ಕಾಗದವನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಒಂದು ಹೇಳ್ತೇನೆ. ಆಚೆ ಬದಿ ಮಾಡಿ ಹಾಕಿದರೆ ಮಸಿ ತಗಡಿಗೆ ಅಂಟಿ ಕೂರುವುದಿಲ್ಲ. ಎಡೆಯಲ್ಲಿ ಬೆಳಕು ನುಗ್ಗಿ ಗೆರೆ ಅಲ್ಲಲ್ಲಿ ಸಪೂರ ಆಗಿದೆ. ಬೇಜಾರು ಮಾಡ್ಬೇಡ."

ಹತ್ತಿರ ಹಿಡಿದು ನೋಡಿದೆ. ಎಲೆಯ ನಡುನರ ಬುಡದಲ್ಲಿ ತುಂಬಿಕೊಂಡು, ತುದಿಗೆ ಹೋಗುತ್ತಾ ತೆಳ್ಳಗಾಗಿ, ಒಂದು ಕಡೆ ಇನ್ನೇನು ಕಡಿದುಹೋಯಿತು ಎನ್ನುವಷ್ಟಾಗಿ ಮತ್ತೆ ಮುಂದುವರಿದಿತ್ತು. ಗಿಂಡಿಯ ಹೊಟ್ಟೆಯ ಗೆರೆ ಕುಂಚದಲ್ಲಿ ಎಳೆದ ಹಾಗಿತ್ತು. ತಂತಿ ಎಲ್ಲಿಯೂ ಇರಲಿಲ್ಲ. ಆರು ತಿಂಗಳಲ್ಲಿ ನನ್ನಿಂದ ಆಗದ್ದನ್ನು ನನ್ನ ತಪ್ಪು ಮತ್ತು ಮಾಮನ ಕೈ ಸೇರಿ ಒಂದು ಬೆಳಿಗ್ಗೆಯಲ್ಲಿ ಮಾಡಿ ಮುಗಿಸಿದ್ದವು. ಮುಂದೆ ಮೇಷ್ಟ್ರು ಆ ಕಾಗದ ನೋಡಿ, "ಈಗ ಗೆರೆಗೆ ಉಸಿರು ಬಂತು" ಎಂದಾಗ ಅದು ಹೇಗೆ ಬಂತೆಂದು ಹೇಳಲು ನಾನು ಹೋಗಲಿಲ್ಲ. ಕಂಪ್ಯೂಟರಿನಲ್ಲಿಯೇ ಅಂಥ ಗೆರೆ ಮಾಡಲು ಕಲಿಯುವುದಕ್ಕೆ ನನಗೆ ಮತ್ತೆ ಎರಡು ವರ್ಷ ಹಿಡಿಯಿತು. ಗೆರೆ ಎಲ್ಲಿ ಸಪೂರ ಆಗಬೇಕು ಎಂದು ನೋಡಿಕೊಳ್ಳಲು ಆ ಕಾಗದವನ್ನೇ ಎದುರಿಗಿಟ್ಟುಕೊಳ್ಳುತ್ತಿದ್ದೆ.

ಹೊರಡುವಾಗ ಮಾಮ, "ಮನೆಯಲ್ಲಿ ಕನ್ನಡಿ ಉಂಟಲ್ಲ? ಇನ್ನು ಯಾವ ಚಿತ್ರ ಬರೆದರೂ ಒಮ್ಮೆ ಕನ್ನಡಿಗೆ ತೋರಿಸಿ ಕಳಿಸು. ನಮ್ಮ ತಪ್ಪು ನೆಟ್ಟಗೆ ನೋಡಿದರೆ ಕಾಣುವುದಿಲ್ಲ" ಎಂದರು. ಈಗಲೂ ಪರದೆಯ ಮೇಲೆ ಯಾವ ಚಿತ್ರ ಮುಗಿಸಿದರೂ ಒಮ್ಮೆ ಮಗುಚಿ ನೋಡುತ್ತೇನೆ. ಡೊಂಕು ಕಣ್ಣು, ಜಾರಿದ ಭುಜ ಎಲ್ಲ ಆಗ ಎದ್ದು ಕಾಣುತ್ತವೆ. ಮತ್ತೆ ನೆಟ್ಟಗೆ ಮಾಡಲು ಮರೆಯುವುದಿಲ್ಲ.

ಸಂಜೆ ಬೆಳ್ತಂಗಡಿಯಲ್ಲಿ ಬಸ್ಸಿನಿಂದ ಇಳಿದರೆ ನಿಲ್ದಾಣದಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಒಂದು ನೂಲಿನ ಉಂಡೆ.

"ನೂಲು ತಕ್ಕೊಳ್ಳುವ ಅಂತ ಬಂದೆ. ನೀನೆಲ್ಲಿಗೆ ಹೋಗಿದ್ದದ್ದು?"

"ಬಂಟ್ವಾಳಕ್ಕೆ. ಕಾಗದ ತರುವ ಅಂತ."

"ಮುಗೀತಾ?"

"ಮುಗೀತು. ಚಂದ ಬಂದಿದೆ."

ಅಕ್ಕ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಕಾಗದವನ್ನು ತೆಗೆದುಕೊಂಡು, ಬಾಳೆಎಲೆಯ ಮೇಲೆ ಬುಡದಿಂದ ತುದಿಯವರೆಗೆ ಬೆರಳು ಎಳೆದಳು. ಆಮೇಲೆ, "ನನಗೆ ಹಸಿವಾಗ್ತದೆ ಮಾರಾಯ್ತಿ, ಗೋಳಿಬಜೆ ತಿನ್ನುವ ಬಾ" ಎಂದು ಎದುರಿನ ಹೋಟೆಲಿಗೆ ಎಳೆದುಕೊಂಡು ಹೋದಳು. ಎರಡು ಪ್ಲೇಟು ಅವಳೊಬ್ಬಳೇ ತಿಂದಳು.

ಅಪ್ಪ ಅಮ್ಮ ಮುಂಡಾಜೆಗೆ ಕಾಗದ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಆ ಮನೆಯ ಅಜ್ಜಿಗೆ ಅಕ್ಷರ ಬರುವುದಿಲ್ಲ ಎಂದು ಗೊತ್ತಾದದ್ದು ಆಗಲೇ. ಅವರು ಬರೆದದ್ದರ ಕಡೆ ನೋಡಲೇ ಇಲ್ಲ. ಚಿತ್ರವನ್ನು ಮಾತ್ರ ಎಲೆ, ಕಾಯಿ, ಅಡಿಕೆ, ಗಿಂಡಿ ಎಂದು ಒಂದೊಂದಾಗಿ ಬೆರಳಿಟ್ಟು ಓದಿದರು. ಬೆರಳು ಎಲೆಯ ತುದಿಗೆ ಬಂದು ಅಲ್ಲಿ ನಿಂತಿತು. "ಕೊಡಿ ಸರಿ ಉಂಟು," ಎಂದು ಹೇಳಿ ಅವರು ಕಾಗದವನ್ನು ದೇವರ ಮುಂದಿಟ್ಟು ಬಂದರು.

ಮದುವೆ ಸುಸೂತ್ರವಾಗಿ ನಡೆಯಿತು. ದೀಪ ನಂದಲಿಲ್ಲ. ಊಟದ ಪಂಕ್ತಿಯಲ್ಲಿ ಮದುಮಕ್ಕಳ ಸಾಲಿನಲ್ಲೇ ನನಗೂ ಜಾಗ ಸಿಕ್ಕಿತು. ಬಡಿಸುವವರು ಎಲೆ ಹಾಕುತ್ತಾ ನನ್ನ ಹತ್ತಿರ ಬಂದಾಗ ಅಕ್ಕ, ಬಾಸಿಂಗ ಕಟ್ಟಿದ ತಲೆಯನ್ನು ಅತ್ತಿತ್ತ ಅಲ್ಲಾಡಿಸಲಾಗದೆ, ಮುಂದಕ್ಕೆ ನೋಡಿಕೊಂಡೇ ಹೇಳಿದಳು:

"ಅಣ್ಣಾ, ಅವಳ ಎಲೆ ಸ್ವಲ್ಪ ನೋಡಿ ಹಾಕಿ. ಅವಳಿಗೆ ಎಡ ಯಾವುದು ಬಲ ಯಾವುದು ಗೊತ್ತಾಗುವುದಿಲ್ಲ."

ನಾನು ಬೆಚ್ಚಿ ನಮ್ಮ ಅಜ್ಜಿಯ ಕಡೆ ತಿರುಗಿದೆ. ಎದುರಿನ ಸಾಲಿನಲ್ಲಿದ್ದ ಅಜ್ಜಿ ಉಪ್ಪಿನಕಾಯಿಯನ್ನು ಬಹಳ ಗಮನ ಕೊಟ್ಟು ನೋಡುತ್ತಿ­ದ್ದರು.

"ಯಾವಾಗ ಹೇಳಿದ್ರು?" ಎಂದು ಅಕ್ಕನನ್ನು ಪಿಸುಮಾತಿನಲ್ಲಿ ಕೇಳಿದೆ.

"ನೀನು ಬಸ್ಸು ಹತ್ತಿದ ಕೂಡಲೇ ಶಾಲೆಗೇ ಬಂದು ಹೇಳಿದ್ರು. ಸಂಜೆವರೆಗೆ ನಾನು ಒಂದು ತೊಟ್ಟು ನೀರು ಕುಡಿದಿದ್ದರೆ ಕೇಳು. ನೂಲು ಎಂತಕ್ಕೆ ಬೇಕಿತ್ತು ನನಗೆ?"

ಬಡಿಸುವವರು ನನ್ನ ಎಲೆಯನ್ನು ಎಡಕ್ಕೆ ತುದಿ ಮಾಡಿ ಹಾಕಿ, ಸರಿ ಉಂಟಾ ಎಂಬಂತೆ ನನ್ನ ಮುಖ ನೋಡಿದರು. ನಾನು ಎಲೆಗೆ ನೀರು ಚಿಮುಕಿಸಿ ಒರೆಸಿದೆ. ಅಷ್ಟರಲ್ಲಿ ಪಾಯಸ ಬಂತು.